7.2 ವೋಲ್ಟ್ ನಿಕಲ್ ಪ್ಯಾಕ್: ಕಡಿಮೆ ಆಂಪ್‌ಗೆ ಇಟ್ಟರೂ ಇಷ್ಟೊಂದು ಬಿಸಿ ಯಾಕೆ?

ಕೆಂಪುಮಣ್ಣು · ಕೋಲಾರ

1:10 ಅಳತೆಯ ಬಗ್ಗಿ, ರಿಮೋಟ್ ಕಾರ್. ಪ್ಯಾಕ್ 7.2 ವೋಲ್ಟ್, 3000 ಎಂಎಎಚ್ (ಮಿಲಿಆಂಪ್-ಗಂಟೆ), ನಿಕಲ್ ಮೆಟಲ್ ಹೈಡ್ರೈಡ್, ಸಬ್-ಸಿ ಗಾತ್ರದ ಆರು ಸೆಲ್, ಟಾಮಿಯಾ ಪ್ಲಗ್. ಪರದೆ ಇರುವ ಹಾಬಿ ಚಾರ್ಜರ್. ನಿಧಾನಕ್ಕೆ ಹಾಕಿದರೆ ಸೆಲ್ ಬಾಳಿಕೆ ಬರುತ್ತೆ ಅಂತ 1 ಆಂಪ್‌ಗೆ ಇಟ್ಟಿದೀನಿ. ಮಧ್ಯದಲ್ಲೇ ನಿಲ್ಲಿಸುತ್ತೆ ಅಂತ ಟೈಮರ್ ಆಫ್. ಈಗ 4200 ಎಂಎಎಚ್ ಒಳಗೆ ಹೋಗಿದೆ, ಚಾರ್ಜರ್ ಇನ್ನೂ ನಿಂತಿಲ್ಲ, ಪ್ಯಾಕ್ ಮೇಲೆ ಕೈ ಇಡೋಕೆ ಆಗ್ತಿಲ್ಲ. 0.5 ಆಂಪ್‌ಗೆ ಇಳಿಸಿದರೆ ಸರಿಹೋಗುತ್ತಾ?

ಹಳೇಸೋಲ್ಡರ್ · ತುಮಕೂರು

ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ. ಉಳಿದ ಮಾತು ಆಮೇಲೆ.

ಇಳಿಸಬೇಡಿ, ಏರಿಸಿ. ನಿಮ್ಮ ಚಾರ್ಜರ್ ಕೆಟ್ಟಿಲ್ಲ. ಅದಕ್ಕೆ ಕಾಣಿಸದಷ್ಟು ಸಣ್ಣ ಗುರುತನ್ನು ಹುಡುಕು ಅಂತ ಕೂರಿಸಿದ್ದೀರಿ.

ನಿಕಲ್ ಸೆಲ್ ತುಂಬಿತು ಅಂತ ವೋಲ್ಟೇಜ್ ನೋಡಿ ನೇರವಾಗಿ ಹೇಳೋಕೆ ಬರಲ್ಲ. ಲಿಥಿಯಂ ಆದರೆ ಸೆಲ್‌ಗೆ 4.2 ವೋಲ್ಟ್ ಮುಟ್ಟಿತು, ಮುಗೀತು. ನಿಕಲ್‌ನಲ್ಲಿ ಚಾರ್ಜ್ ಆಗುವಾಗ ಸೆಲ್ ವೋಲ್ಟೇಜ್ 1.4ರಿಂದ 1.5ರವರೆಗೆ ನಿಧಾನಕ್ಕೆ ಏರುತ್ತೆ, ತುಂಬಿದ ಮೇಲೆ ಒಂದು ಚೂರು ಇಳಿಯುತ್ತೆ. ತುಂಬಿದ ಸೆಲ್‌ಗೆ ಇನ್ನೂ ಕರೆಂಟ್ ತಳ್ಳಿದರೆ ಧನ ತಟ್ಟೆಯಲ್ಲಿ ಆಮ್ಲಜನಕ ಹುಟ್ಟುತ್ತೆ. ಅದು ಋಣ ತಟ್ಟೆಗೆ ಹೋಗಿ ಮತ್ತೆ ನೀರಾಗುತ್ತೆ, ಆಗ ಶಾಖ ಬರುತ್ತೆ. ಶಾಖ ಏರಿದಂತೆ ವೋಲ್ಟೇಜ್ ಕುಸಿಯುತ್ತೆ. ಈ ಕುಸಿತಕ್ಕೇ ಡೆಲ್ಟಾ ಪೀಕ್ ಅನ್ನೋದು. ಚಾರ್ಜರ್ ಕಾಯ್ತಾ ಇರೋದು ಅದಕ್ಕೆ.

ಎಷ್ಟು ಕುಸಿತ? ನಿಕಲ್ ಮೆಟಲ್ ಹೈಡ್ರೈಡ್‌ನಲ್ಲಿ ಸೆಲ್‌ಗೆ 3ರಿಂದ 5 ಮಿಲಿವೋಲ್ಟ್. ಆರು ಸೆಲ್ ಸೇರಿ 30 ಮಿಲಿವೋಲ್ಟ್ ಇರಬಹುದು, ಅದೂ 8.7 ವೋಲ್ಟಿನ ಮೇಲೆ. 3000ದ ಪ್ಯಾಕ್‌ಗೆ 1 ಆಂಪ್ ಅಂದರೆ 0.33ಸಿ (1ಸಿ ಅಂದರೆ ಪ್ಯಾಕ್‌ನ ಅಳತೆಯಷ್ಟೇ ಆಂಪ್, ಇಲ್ಲಿ 3). ಅಷ್ಟರಲ್ಲಿ ಶಾಖ ನಿಧಾನಕ್ಕೆ ಏರುತ್ತೆ, ಕುಸಿತ ಚಪ್ಪಟೆಯಾಗಿ ಹೋಗುತ್ತೆ, ಚಾರ್ಜರ್‌ಗೆ ಗೊತ್ತೇ ಆಗಲ್ಲ. ಆದರೆ ತುಂಬಿದ ಮೇಲೂ 1 ಆಂಪ್ × 8.7 ವೋಲ್ಟ್ ಅಂದರೆ ಎಂಟೂವರೆ ವ್ಯಾಟ್‌ಗೂ ಹೆಚ್ಚು ಒಳಗೆ ಹೋಗ್ತಾನೇ ಇರುತ್ತೆ. ಅಷ್ಟೂ ಬರೀ ಶಾಖ.

ನಿಕಲ್‌ಗೆ ಎರಡೇ ದಾರಿ:

0.5ಸಿಯಿಂದ 1ಸಿವರೆಗೆ, ಅಂದರೆ ನಿಮಗೆ 1.5ರಿಂದ 3 ಆಂಪ್, ಡೆಲ್ಟಾ ಪೀಕ್ ಹಿಡಿಯುವ ಚಾರ್ಜರ್‌ನಲ್ಲಿ.

ಇಲ್ಲವೇ 0.1ಸಿ, 300 ಮಿಲಿಆಂಪ್, ಗಡಿಯಾರ ನೋಡಿಕೊಂಡು 14ರಿಂದ 16 ಗಂಟೆ.

ನಡುವಿನ ಜಾಗ ಕೆಟ್ಟದ್ದು. ನಿಲ್ಲಿಸುವಷ್ಟು ಗುರುತೂ ಸಿಗಲ್ಲ, ಸಹಿಸುವಷ್ಟು ಕಮ್ಮಿಯೂ ಅಲ್ಲ. 0.5 ಆಂಪ್‌ಗೆ ಇಳಿಸಿದರೆ ಇನ್ನೂ ಅದರ ನಟ್ಟನಡುವೆ ಹೋಗಿ ಕೂರ್ತೀರಿ.

ಕೆಂಪುಮಣ್ಣು · ಕೋಲಾರ

ಆಫ್ ಮಾಡಿದೆ. 1.5 ಆಂಪ್ ಹಾಕೋದಾದ್ರೆ ಬೇರೆ ಏನೇನು ಸೆಟ್ ಮಾಡಬೇಕು ಸಾರ್?

ಮಿಲಿಓಮ್ · ಚಿಕ್ಕಬಳ್ಳಾಪುರ

ಈಗಲೇ ಹಾಕಬೇಡಿ. ಪ್ಯಾಕ್ ಪೂರ್ತಿ ತಣ್ಣಗಾಗಲಿ. ಮುಂದಿನ ಸಲಕ್ಕೆ:

ಬ್ಯಾಟರಿ ಬಗೆ: ನಿಕಲ್ ಮೆಟಲ್ ಹೈಡ್ರೈಡ್. ನಿಕಲ್ ಕ್ಯಾಡ್ಮಿಯಂ ಅಂತ ಪಕ್ಕದಲ್ಲೇ ಇನ್ನೊಂದು ಇರುತ್ತೆ, ಅದು ಬೇಡ. ಕ್ಯಾಡ್ಮಿಯಂನ ಕುಸಿತ ದೊಡ್ಡದು, ಆ ಲೆಕ್ಕದಲ್ಲಿ ಕಾಯ್ತಾ ಕೂತರೆ ನಿಮ್ಮ ಪ್ಯಾಕ್ ಬೇಯುತ್ತೆ.

ಮ್ಯಾನ್ಯುಯಲ್, 1.5 ಆಂಪ್. ಆಟೋ ಮೋಡ್‌ನಲ್ಲಿ ಕರೆಂಟ್ ಎಷ್ಟು ಅಂತ ಚಾರ್ಜರೇ ತೀರ್ಮಾನ ಮಾಡುತ್ತೆ.

ಡೆಲ್ಟಾ ಪೀಕ್ ಸೂಕ್ಷ್ಮತೆ: ಸೆಲ್‌ಗೆ 5 ಮಿಲಿವೋಲ್ಟ್.

ಕೆಪಾಸಿಟಿ ಕಟ್ಆಫ್: 3600 ಎಂಎಎಚ್. ನಿಕಲ್‌ಗೆ ಹಾಕಿದ್ದೆಲ್ಲ ದಕ್ಕಲ್ಲ, ಹಾಗಾಗಿ ಪ್ಯಾಕ್‌ನ ಅಳತೆಗಿಂತ ಶೇ. 20 ಜಾಸ್ತಿ. ಕಾರ್ಖಾನೆಯಿಂದ 5000 ಅಂತ ಇಟ್ಟಿದ್ದರೆ ನಿಮ್ಮ ಪ್ಯಾಕ್‌ಗೆ ಅದು ಇದ್ದೂ ಇಲ್ಲದ ಹಾಗೆ.

ಸೇಫ್ಟಿ ಟೈಮರ್: 150 ನಿಮಿಷ. ಲೆಕ್ಕ ಸುಲಭ. 3000ವನ್ನು 1500ರಿಂದ ಭಾಗಿಸಿ, 2 ಗಂಟೆ. ಅದಕ್ಕೆ ಕಾಲು ಭಾಗ ಸೇರಿಸಿ. ಟೈಮರ್ ಆಫ್ ಮಾಡೋದು ಮಾತ್ರ ಬೇಡವೇ ಬೇಡ. ಡೆಲ್ಟಾ ಪೀಕ್ ತಪ್ಪಿದರೆ ಉಳಿಯೋ ಕಾವಲುಗಳಲ್ಲಿ ಅದೂ ಒಂದು.

ತಾಪಮಾನದ ಸೆನ್ಸರ್ ವೈರ್ ಇದ್ದರೆ 45 ಡಿಗ್ರಿ, ಬೇಸಗೆಯಲ್ಲಿ 50. ಎಷ್ಟೋ ಚಾರ್ಜರ್‌ಗಳಲ್ಲಿ ಇದು 80ಕ್ಕೆ ಕೂತಿರುತ್ತೆ. 80 ಡಿಗ್ರಿಗೆ ನಿಲ್ಲಿಸಿ ಏನು ಉಪಯೋಗ, ಅಷ್ಟರಲ್ಲಿ ಸೀಲ್ ಬಿಟ್ಟಿರುತ್ತೆ.

ಕ್ಯಾತ್ಸಂದ್ರ_ಆರ್‌ಸಿ

ತಟ್ಟೆ ಇಡ್ಲಿ ಬಿಸಿಬಿಸಿ ಇದ್ದರೆ ಚೆಂದ, ಬ್ಯಾಟರಿ ಅಲ್ಲ 😄 ಸೆನ್ಸರ್ ಇಲ್ಲದವರು ಅಂಗೈಯಲ್ಲಿ ನೋಡಬಹುದು. ಉಗುರುಬೆಚ್ಚಗೆ ಇದ್ದರೆ ಸರಿ. ಹಿಡಿದುಕೊಂಡಿರೋದು ಕಷ್ಟ ಅನ್ನಿಸಿದರೆ 50 ದಾಟಿದೆ ಅಂತಲೇ ಲೆಕ್ಕ, ತೆಗೀರಿ.

ಕೊರೊನಾ ಕಾಲದಲ್ಲಿ ತಗೊಂಡ ಹಣೆ ಥರ್ಮಾಮೀಟರ್ ಗನ್ ಮನೆಯಲ್ಲಿ ಬಿದ್ದಿದ್ದರೆ ಅದೂ ಆಗುತ್ತೆ. ಆದರೆ ಅದನ್ನು 'ಸರ್ಫೇಸ್' ಮೋಡ್‌ಗೆ ಹಾಕಬೇಕು. ದೇಹದ ಮೋಡ್‌ನಲ್ಲಿ ಅದು ಜ್ವರದ ಲೆಕ್ಕದಲ್ಲಿ ಅಂಕಿ ತಿದ್ದಿ ತೋರಿಸುತ್ತೆ. ಪ್ಲಾಸ್ಟಿಕ್ ಹೊದಿಕೆ ಮೇಲೆ ಹಿಡೀರಿ, ಹೊಳೆಯೋ ಲೋಹದ ತುದಿಗೆ ಹಿಡಿದರೆ ಸುಳ್ಳು ಹೇಳುತ್ತೆ.

ಶಿಡ್ಲಘಟ್ಟ_ಟ್ರಕ್

ಒಂದು ತಕರಾರು. 1ಸಿಯಲ್ಲಿ ಹಾಕಿದರೆ ಸೆಲ್ ಆಯಸ್ಸು ಕಮ್ಮಿ ಆಗುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ? ಹಾಗಾದ್ರೆ 0.1ಸಿಯೇ ವಾಸಿ ತಾನೆ, ಎಲ್ಲರಿಗೂ ಅದನ್ನೇ ಹೇಳಬಹುದಲ್ಲ?

ಹಳೇಸೋಲ್ಡರ್ · ತುಮಕೂರು

0.1ಸಿಗೆ ಒಂದು ಷರತ್ತಿದೆ: ಪ್ಯಾಕ್ ಪೂರ್ತಿ ಖಾಲಿ ಇರಬೇಕು. 14–16 ಗಂಟೆಯ ಲೆಕ್ಕ ಸೊನ್ನೆಯಿಂದ ಹಿಡಿದದ್ದು. ಅರ್ಧ ತುಂಬಿದ ಪ್ಯಾಕ್‌ಗೆ 16 ಗಂಟೆ ಹಾಕಿದರೆ ಎಂಟು ಗಂಟೆ ಸುಮ್ಮನೆ ಕುದಿಸಿದ ಹಾಗೆ. ಒಂದು ಸಲಕ್ಕೆ ಸಾಯಲ್ಲ, 300 ಮಿಲಿಆಂಪ್‌ನ ಎರಡೂವರೆ ವ್ಯಾಟ್ ಶಾಖವನ್ನು ಆರು ಸೆಲ್ ಹಂಚಿಕೊಂಡು ಹೊರಗೆ ಬಿಡುತ್ತವೆ. ವಾರವಾರ ಮಾಡಿದರೆ ಒಳಗಿನ ನೀರು ಒಣಗುತ್ತಾ ಬರುತ್ತೆ. ಕಾರ್ ಓಡಿಸೋರಲ್ಲಿ ಪ್ಯಾಕ್ ಎಷ್ಟು ಖಾಲಿ ಅಂತ ಲೆಕ್ಕ ಇಡೋರು ಯಾರು?

1ಸಿ ಕೊಲ್ಲುತ್ತೆ ಅನ್ನೋ ಮಾತು ಅರ್ಧ ನಿಜ. ಕೊಲ್ಲೋದು ಕೊನೆಯ ಹತ್ತು ನಿಮಿಷ ಮಾತ್ರ. ಒಳ್ಳೆ ಸಬ್-ಸಿ ಸೆಲ್‌ಗೆ 0.5ಸಿ ಅಂದರೆ ಏನೂ ಅಲ್ಲ. ಆಟಿಕೆ ಕಾರಿನಲ್ಲಿ ಬರೋ ಡಬಲ್ ಎ ಸೆಲ್ ಪ್ಯಾಕ್‌ಗೆ 1ಸಿ ಹಾಕಿ ಅಂತ ಮಾತ್ರ ನಾನು ಹೇಳಲ್ಲ, ಅಲ್ಲಿ 0.5ಸಿ ಸಾಕು.

0.1ಸಿ ನಿಜವಾಗಿ ಬೇಕಾಗೋದು ಹೊಸ ಪ್ಯಾಕ್‌ಗೆ, ಮತ್ತೆ ಆರು ತಿಂಗಳು ಅಟ್ಟದ ಮೇಲಿದ್ದ ಪ್ಯಾಕ್‌ಗೆ. ಆರು ಸೆಲ್‌ಗಳೂ ಒಂದೇ ಮಟ್ಟದಲ್ಲಿ ಇರಲ್ಲ. ನಿಧಾನಕ್ಕೆ ತುಂಬಿಸಿದರೆ ಮೊದಲು ತುಂಬಿದ್ದು ಹಾನಿ ಇಲ್ಲದೆ ಕಾಯುತ್ತೆ, ಹಿಂದೆ ಬಿದ್ದದ್ದು ಬಂದು ಸೇರುತ್ತೆ. ಎರಡು ಮೂರು ಸಲ ಹೀಗೆ ಮಾಡಿ, ಆಮೇಲೆ 0.5ಸಿ.

ಶಿಡ್ಲಘಟ್ಟ_ಟ್ರಕ್

ಸರಿ, ಒಪ್ಪಿದೆ. ಅರ್ಧ.

ಬಂಗಾರಪೇಟೆ_ಬಗ್ಗಿ

ನನ್ನ ಚಾರ್ಜರ್ ಉಲ್ಟಾ. ಐದೇ ನಿಮಿಷಕ್ಕೆ 'ಫುಲ್' ಅಂತ ಕೂಗುತ್ತೆ, ಒಳಗೆ ಹೋಗಿರೋದು 130 ಎಂಎಎಚ್. ಬಹಳ ದಿನ ಇಟ್ಟಿದ್ದ ಪ್ಯಾಕ್.

ಮಿಲಿಓಮ್ · ಚಿಕ್ಕಬಳ್ಳಾಪುರ

ಇದು ಸುಳ್ಳು ಪೀಕ್. ಬಹಳ ದಿನ ಸುಮ್ಮನಿದ್ದ ಸೆಲ್‌ನಲ್ಲಿ ಒಳ ರೋಧ ಜಾಸ್ತಿ ಇರುತ್ತೆ. ಚಾರ್ಜ್ ಶುರುವಾದ ಕೂಡಲೇ ವೋಲ್ಟೇಜ್ ಜಿಗಿದು, ಸೆಲ್ ಎಚ್ಚರ ಆಗ್ತಾ ಇಳಿಯುತ್ತೆ. ಆ ಇಳಿಕೆಯನ್ನೇ ಚಾರ್ಜರ್ ಕೊನೆ ಅಂದುಕೊಳ್ಳುತ್ತೆ. ಪ್ಯಾಕ್ ತಣ್ಣಗಿದ್ದರೆ ಮತ್ತೆ ಸ್ಟಾರ್ಟ್ ಒತ್ತಿ, ಎರಡು ಮೂರು ಸಲಕ್ಕೆ ಸರಿಹೋಗುತ್ತೆ. ಇಲ್ಲ ಅಂದರೆ ಒಂದು ಗಂಟೆ 0.1ಸಿ ಹಾಕಿ ಆಮೇಲೆ 0.5ಸಿ. ಬೆಚ್ಚಗಾಗಿದ್ದರೆ ಮತ್ತೆ ಒತ್ತಬೇಡಿ, ಅದು ನಿಜವಾದ ಫುಲ್ ಇರಬಹುದು.

ಆದರೆ ಸುಳ್ಳು ಪೀಕ್‌ಗೆ ಇನ್ನೊಂದು ಕಾರಣ ಇದೆ, ನಮ್ಮ ಕಡೆ ಅದೇ ಜಾಸ್ತಿ: ಪ್ಲಗ್. ಟಾಮಿಯಾ ಪ್ಲಗ್ ಒಳಗಿನ ತಗಡಿನ ತೂತು ಸಡಿಲ ಆಗಿರುತ್ತೆ, ಇಲ್ಲವೇ ಕೆಂಪು ಧೂಳು ಹೊಕ್ಕಿರುತ್ತೆ. ಲೆಕ್ಕ ನೋಡಿ. 3 ಆಂಪ್ ಹರಿಯುವಾಗ ಪ್ಲಗ್‌ನಲ್ಲಿ 10 ಮಿಲಿಓಮ್ ವ್ಯತ್ಯಾಸ ಬಂದರೆ 30 ಮಿಲಿವೋಲ್ಟ್. ಆರು ಸೆಲ್‌ನ ಡೆಲ್ಟಾ ಪೀಕ್ ಕೂಡ ಅದೇ 30 ಮಿಲಿವೋಲ್ಟ್! ಪಕ್ಕದಲ್ಲಿ ಯಾರೋ ಟೇಬಲ್ ಅಲ್ಲಾಡಿಸಿದರೂ ಚಾರ್ಜರ್ 'ಫುಲ್' ಅನ್ನುತ್ತೆ. ಗಂಡು ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೆಣ್ಣು ತೂತನ್ನು ಸಣ್ಣ ಮೂಗಿನ ಇಕ್ಕಳದಲ್ಲಿ ಚೂರು ಬಿಗಿ ಮಾಡಿ. ಪ್ಯಾಕ್ ಚೆನ್ನಾಗಿದ್ದರೆ ಎಕ್ಸ್‌ಟಿ60 ಅಥವಾ ಟಿ-ಪ್ಲಗ್‌ಗೆ ಬದಲಾಯಿಸಿ. ಆಗ ಒಂದೊಂದೇ ವೈರ್ ಕತ್ತರಿಸಿ, ಬೆಸೆದು, ಸ್ಲೀವ್ ಹಾಕಿ, ಆಮೇಲೆ ಇನ್ನೊಂದು ವೈರ್ ಮುಟ್ಟಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಟ್ಟರೇ ಶಾರ್ಟ್ ಮಾಡುತ್ತೆ.

ಗೌರಿಬಿದನೂರು_1:16

ಹಾಬಿ ಚಾರ್ಜರ್ ಇಲ್ಲದೆ ಬರೀ ಗೋಡೆ ಅಡಾಪ್ಟರ್ ಇರೋರ ಪಾಡೇನು? ಆಟಿಕೆ ಕಾರ್, 4.8 ವೋಲ್ಟ್ 700 ಎಂಎಎಚ್ ಪ್ಯಾಕ್, ಅಡಾಪ್ಟರ್ ಮೇಲೆ 4.8 ವೋಲ್ಟ್ 250 ಮಿಲಿಆಂಪ್ ಅಂತ ಇದೆ. ಕೆಂಪು ದೀಪ ಯಾವಾಗಲೂ ಉರೀತಾ ಇರುತ್ತೆ.

ಹಳೇಸೋಲ್ಡರ್ · ತುಮಕೂರು

ಆ ದೀಪಕ್ಕೆ ಬ್ಯಾಟರಿ ವಿಷಯ ಏನೂ ಗೊತ್ತಿಲ್ಲ, ಕರೆಂಟ್ ಇದೆ ಅಂತಷ್ಟೇ ಹೇಳುತ್ತೆ. ಒಳಗೆ ಇರೋದು ಟ್ರಾನ್ಸ್‌ಫಾರ್ಮರ್, ಡಯೋಡ್, ಹೆಚ್ಚೆಂದರೆ ಒಂದು ರೆಸಿಸ್ಟರ್. ನಿಲ್ಲಿಸೋ ಬುದ್ಧಿ ಅದಕ್ಕಿಲ್ಲ, ನೀವೇ ನಿಲ್ಲಿಸಬೇಕು.

700 ÷ 250 = 2.8 ಗಂಟೆ. ಅದನ್ನು 1.2ರಿಂದ ಗುಣಿಸಿ, ಸುಮಾರು 3 ಗಂಟೆ 20 ನಿಮಿಷ. ಅಷ್ಟಕ್ಕೆ ತೆಗೀರಿ. 250 ಮಿಲಿಆಂಪ್ ಈ ಪ್ಯಾಕ್‌ಗೆ 0.36ಸಿ, ಅಂದರೆ ಮೇಲೆ ಹೇಳಿದ ಆ ಕೆಟ್ಟ ನಡುಜಾಗವೇ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯೋದು ಅಂದರೆ ಐದಾರು ಗಂಟೆ ಬೇಯಿಸಿದ ಹಾಗೆ. ಕಾರಿನ ಹೊಟ್ಟೆಯೊಳಗೆ ಬಿಟ್ಟು ಚಾರ್ಜ್ ಮಾಡಬೇಡಿ, ಅಲ್ಲಿ ಗಾಳಿಯೇ ಆಡಲ್ಲ. ಪ್ಯಾಕ್ ಹೊರಗೆ ತೆಗೆದು ಇಡಿ.

ಅಡಾಪ್ಟರ್ ಮೇಲೆ ಬರೆದ 250 ನಿಜವಾಗಿ 250 ಇರಬೇಕು ಅಂತಿಲ್ಲ. ಮಲ್ಟಿಮೀಟರ್‌ನ ಕೆಂಪು ಪ್ರೋಬ್ ಅನ್ನು 10 ಆಂಪ್ ತೂತಿಗೆ ಹಾಕಿ, ಡಿಸಿ ಆಂಪ್‌ಗೆ ತಿರುಗಿಸಿ, ಧನ ವೈರ್ ನಡುವೆ ಸರಣಿಯಲ್ಲಿ ಸೇರಿಸಿ ಓದಿ. ಓದಿದ್ದು 320 ಬಂದರೆ ಲೆಕ್ಕ 320ರಿಂದ ಮಾಡಿ. ಅಳೆದು ಮುಗಿದ ಕೂಡಲೇ ಪ್ರೋಬ್ ಅನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಆಂಪ್ ತೂತಲ್ಲೇ ಬಿಟ್ಟು ಬ್ಯಾಟರಿ ವೋಲ್ಟೇಜ್ ನೋಡಲು ಹೋದರೆ ಅದು ನೇರ ಶಾರ್ಟ್. ಮೀಟರ್, ಬ್ಯಾಟರಿ ಎರಡೂ ಹೋಗುತ್ತವೆ.

ಕ್ಯಾತ್ಸಂದ್ರ_ಆರ್‌ಸಿ

ಹಳೇಸೋಲ್ಡರ್ ಅಣ್ಣ, ಮೂರು ಗಂಟೆ ಅಂತ ಹಾಕಿ ಮಧ್ಯ ಕರೆಂಟ್ ಹೋದರೆ? ನಮ್ಮ ಕಡೆ ಒಂದು ಗಂಟೆ ಹೋಗಿ ಬಂದರೆ ಲೆಕ್ಕ ಎಲ್ಲ ತಪ್ಪುತ್ತಲ್ಲ.

ಹಳೇಸೋಲ್ಡರ್ · ತುಮಕೂರು

ಇದು ಯಾವ ಚಾರ್ಜರ್ ಕೈಪಿಡಿಯಲ್ಲೂ ಇರಲ್ಲ, ಆದರೆ ನಮಗೆ ಮುಖ್ಯ.

ಗೋಡೆ ಅಡಾಪ್ಟರ್‌ಗೆ ಹಳೇ ಕಾಲದ ಮೆಕ್ಯಾನಿಕಲ್ ಟೈಮರ್ ಸಾಕೆಟ್ ತಗೊಳ್ಳಿ. ಸುತ್ತ ಸಣ್ಣ ಹಲ್ಲುಗಳಿರುತ್ತವಲ್ಲ, ಆ 24 ಗಂಟೆಯದ್ದು. ಕರೆಂಟ್ ಹೋದರೆ ಅದರ ಮೋಟರೂ ನಿಲ್ಲುತ್ತೆ, ಬಂದರೆ ನಿಂತಲ್ಲಿಂದ ಮುಂದಕ್ಕೆ ತಿರುಗುತ್ತೆ. ಅಂದರೆ ಒಟ್ಟು ಚಾರ್ಜ್ ಆದ ಹೊತ್ತು ಸರಿಯಾಗೇ ಉಳಿಯುತ್ತೆ. ಡಿಜಿಟಲ್ ಟೈಮರ್ ಒಳಗೆ ತನ್ನದೇ ಬ್ಯಾಟರಿ ಇರುತ್ತೆ, ಕರೆಂಟ್ ಹೋದಾಗಲೂ ಗಡಿಯಾರ ಓಡುತ್ತೆ. ಹಾಗಾಗಿ ಪ್ಯಾಕ್ ಸ್ವಲ್ಪ ಕಮ್ಮಿ ತುಂಬುತ್ತೆ. ಅದರಿಂದ ಅಪಾಯ ಇಲ್ಲ. ಮೆಕ್ಯಾನಿಕಲ್‌ಗೆ ಒಂದು ಕೊರತೆ ಇದೆ: ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಆನ್ ಆಗುತ್ತೆ. ಪ್ಯಾಕ್ ತೆಗೆಯೋದು ಮರೆತರೆ ಎರಡನೇ ಸಲ ಹಾಕಿಬಿಡುತ್ತೆ.

ಹಾಬಿ ಚಾರ್ಜರ್‌ಗಳು ಎರಡು ಥರ. ಐಮ್ಯಾಕ್ಸ್ ಬಿ6 ಮಾದರಿಯವು ಕರೆಂಟ್ ಬಂದ ಮೇಲೆ ಮೆನುಗೆ ಬಂದು ನಿಲ್ಲುತ್ತವೆ, ಬಟನ್ ಒತ್ತದೆ ಶುರುವಾಗಲ್ಲ. ಕೆಲವು ಪರದೆ ಇಲ್ಲದ, ದೀಪ ಮಾತ್ರ ಇರುವ ಪೀಕ್ ಚಾರ್ಜರ್‌ಗಳು ತಾವಾಗೇ ಮೊದಲಿಂದ ಶುರು ಮಾಡುತ್ತವೆ. ಶುರುವಿನ ಕೆಲವು ನಿಮಿಷ ಅವು ಪೀಕ್ ನೋಡೋದೇ ಇಲ್ಲ, ಸುಳ್ಳು ಪೀಕ್ ತಪ್ಪಿಸೋಕೆ. ಪ್ಯಾಕ್ ಆಗಲೇ ತುಂಬಿದ್ದು, ಸಂಜೆ ನಾಲ್ಕು ಸಲ ಕರೆಂಟ್ ಹೋಗಿ ಬಂದರೆ ನಾಲ್ಕು ಸಲವೂ ತುಂಬಿದ ಪ್ಯಾಕ್‌ಗೆ ಪೂರ್ತಿ ಆಂಪ್. ಅಂಥ ಚಾರ್ಜರ್ ಇದ್ದರೆ ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತಿಡಿ.

ಮಿಲಿಓಮ್ · ಚಿಕ್ಕಬಳ್ಳಾಪುರ

ಇದಕ್ಕೆ ಸೇರಿಸೋದು: ಮತ್ತೆ ಶುರು ಮಾಡಿದಾಗ ಎಂಎಎಚ್ ಎಣಿಕೆಯೂ ಸೊನ್ನೆಯಿಂದ. ಕರೆಂಟ್ ಹೋಗುವ ಮೊದಲು 2000 ಹೋಗಿದ್ದರೆ, ಕೆಪಾಸಿಟಿ ಕಟ್ಆಫ್ ಅನ್ನು 1600ಕ್ಕೆ ಇಳಿಸಿ ಒತ್ತಿ. ಬಿ6 ಥರದ್ದಕ್ಕೆ 12 ವೋಲ್ಟ್ ಡಿಸಿಯೇ ಸಾಕು, ಅದು 11ರಿಂದ 18 ವೋಲ್ಟ್‌ವರೆಗೆ ತಗೊಳ್ಳುತ್ತೆ. ಯುಪಿಎಸ್‌ನ ದೊಡ್ಡ ಬ್ಯಾಟರಿಯಿಂದಲೋ ಬೈಕ್ ಬ್ಯಾಟರಿಯಿಂದಲೋ ನಡೆಸಿದರೆ ಈ ತಲೆನೋವೇ ಇಲ್ಲ. ಬ್ಯಾಟರಿ ಟರ್ಮಿನಲ್ ಹತ್ತಿರವೇ 10 ಆಂಪ್ ಫ್ಯೂಸ್ ಹಾಕಿ.

ಗೌರಿಬಿದನೂರು_1:16

ಮೊಬೈಲ್ ಚಾರ್ಜರ್ 5 ವೋಲ್ಟ್, ಪ್ಯಾಕ್ 4.8 ವೋಲ್ಟ್. ಹಳೇ ಕೇಬಲ್ ಕತ್ತರಿಸಿ ನೇರವಾಗಿ ಕೊಟ್ಟರೆ?

ಹಳೇಸೋಲ್ಡರ್ · ತುಮಕೂರು

ಬೇಡ. ಹೆಸರಿಗೆ 4.8 ಆದರೂ ತುಂಬೋಕೆ ಆ ಪ್ಯಾಕ್‌ಗೆ 5.8 ವೋಲ್ಟ್ ಹತ್ತಿರ ಬೇಕು. 5 ವೋಲ್ಟ್‌ನಲ್ಲಿ ಎಂದೂ ತುಂಬಲ್ಲ. ಅದೇ ಕೇಬಲ್ಲನ್ನು ಮೂರು ಸೆಲ್‌ನ 3.6 ವೋಲ್ಟ್ ಪ್ಯಾಕ್‌ಗೆ ಕೊಟ್ಟರೆ ತಡೆಯೋಕೆ ಏನೂ ಇಲ್ಲ, ಒಂದೆರಡು ಆಂಪ್ ನುಗ್ಗುತ್ತೆ. ಕಾರಿನ ಜೊತೆಗೇ ಬಂದ ಯುಎಸ್‌ಬಿ ಕೇಬಲ್ ಬೇರೆ ವಿಷಯ, ಅದರ ತಲೆಯೊಳಗೆ ಸಣ್ಣ ಸರ್ಕ್ಯೂಟ್ ಇರುತ್ತೆ. ಆ ಕೇಬಲ್ ಆ ಕಾರಿಗೆ ಮಾತ್ರ.

ಬಂಗಾರಪೇಟೆ_ಬಗ್ಗಿ

ಚಾರ್ಜರ್‌ನಲ್ಲಿ ಲೈಪೋ (ಲಿಥಿಯಂ ಪಾಲಿಮರ್) ಮೋಡ್ ಹಾಕಿ 2 ಸೆಲ್ 7.4 ಅಂತ ಕೊಟ್ಟರೂ 7.2ಕ್ಕೆ ಹತ್ತಿರವೇ ಅಲ್ವಾ? ಅದು ಸರಿಯಾಗಿ ನಿಲ್ಲಿಸುತ್ತೆ ಕೂಡ.

ಮಿಲಿಓಮ್ · ಚಿಕ್ಕಬಳ್ಳಾಪುರ

ಈ ದಾರಿ ತುಳಿಯಲೇಬೇಡಿ. ನಿಕಲ್ ಪ್ಯಾಕನ್ನು ಲೈಪೋ ಮೋಡ್‌ನಲ್ಲಿ ಹಾಕಿದರೆ 8.4ರಲ್ಲಿ ಹಿಡಿದು ಕೂರುತ್ತೆ, ಸೆಲ್‌ಗೆ 1.4. ತುಂಬಿದ್ದು ಎಷ್ಟು ಅಂತ ದೇವರಿಗೇ ಗೊತ್ತು. ಬೆಚ್ಚಗಿನ ಹಳೇ ಪ್ಯಾಕ್ ಆದರೆ 8.4 ಮುಟ್ಟದೆಯೂ ಇರಬಹುದು, ಆಗ ನಿಲ್ಲೋದೇ ಇಲ್ಲ.

ನಿಜವಾದ ಭಯ ಇದರ ತಿರುವು. ನಿಕಲ್ ಮೋಡ್ ಹಾಕಿದ್ದನ್ನು ಮರೆತು ಅದೇ ಪ್ಲಗ್‌ಗೆ ಲೈಪೋ ಸಿಕ್ಕಿಸಿದರೆ, ಚಾರ್ಜರ್ ವೋಲ್ಟೇಜ್ ಇಳಿಯಲಿ ಅಂತ ಕಾಯುತ್ತೆ. ಲೈಪೋ ಇಳಿಯಲ್ಲ. 8.4 ದಾಟಿ ಹೋಗುತ್ತೆ, ಊದುತ್ತೆ, ಬೆಂಕಿ. ಎರಡೂ ಬಗೆಯ ಪ್ಯಾಕ್ ಮನೆಯಲ್ಲಿದ್ದರೆ ಎರಡಕ್ಕೂ ಬೇರೆ ಬೇರೆ ಪ್ಲಗ್ ಇಡಿ. ಇನ್ನೊಂದು ಮಾತು, ಐಮ್ಯಾಕ್ಸ್ ಬಿ3 ಅಂತ ಸಣ್ಣದು ಬರುತ್ತಲ್ಲ, ಅದು 2 ಮತ್ತು 3 ಸೆಲ್ ಲೈಪೋಗೆ ಮಾತ್ರ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದಾಗ ಅಗ್ಗಕ್ಕೆ ಸಿಕ್ತು ಅಂತ ನಿಕಲ್‌ಗೆ ತರಬೇಡಿ.

ಹೊಸ ಆಟಿಕೆ ಕಾರುಗಳಲ್ಲಿ ಈಗೀಗ ಲಿಥಿಯಂ ಸೆಲ್‌ಗಳೇ ಜಾಸ್ತಿ, ನೋಡೋಕೆ ಡಬಲ್ ಎ ಥರವೇ. ಹೊದಿಕೆ ಮೇಲೆ ಓದಿ. 1.2ರ ಮಗ್ಗಿ (3.6, 4.8, 6.0, 7.2, 9.6) ಇದ್ದರೆ ಸಾಮಾನ್ಯವಾಗಿ ನಿಕಲ್, ಆದರೆ 3.6, 7.2 ಕೆಲವು ಲಿಥಿಯಂ ಪ್ಯಾಕ್ ಮೇಲೂ ಇರುತ್ತೆ, ಹಾಗಾಗಿ ಬ್ಯಾಟರಿ ಬಗೆಯ ಹೆಸರನ್ನೂ ಓದಿ. 3.7, 7.4 ಇದ್ದರೆ ಲಿಥಿಯಂ.

ಶಿಡ್ಲಘಟ್ಟ_ಟ್ರಕ್

ಎರಡು ಪ್ಯಾಕ್ ಇದೆ, ವೈ ಕೇಬಲ್ ಹಾಕಿ ಒಟ್ಟಿಗೇ ಚಾರ್ಜ್ ಮಾಡಬಹುದಾ? ಲೈಪೋಗೆ ಮಾಡ್ತಾರಲ್ಲ.

ಹಳೇಸೋಲ್ಡರ್ · ತುಮಕೂರು

ನಿಕಲ್‌ಗೆ ಸಮಾಂತರ ಚಾರ್ಜ್ ಇಲ್ಲವೇ ಇಲ್ಲ. ಒಂದು ಪ್ಯಾಕ್ ಮೊದಲು ತುಂಬಿ ಬಿಸಿಯಾಯಿತು ಅನ್ನಿ. ಅದರ ವೋಲ್ಟೇಜ್ ಇಳಿಯಿತು. ಕರೆಂಟ್ ಕಮ್ಮಿ ವೋಲ್ಟೇಜ್ ಇರೋ ಕಡೆಗೇ ಹೆಚ್ಚು ಹರಿಯುತ್ತೆ, ಅಂದರೆ ತುಂಬಿದ ಪ್ಯಾಕ್‌ಗೇ ಇನ್ನೂ ಜಾಸ್ತಿ. ಅದು ಇನ್ನೂ ಬಿಸಿ, ಇನ್ನೂ ಇಳಿಕೆ. ಇನ್ನೊಂದು ಪ್ಯಾಕ್ ಅರೆಹೊಟ್ಟೆಯಲ್ಲಿ ನೋಡ್ತಾ ಕೂತಿರುತ್ತೆ. ಒಂದೊಂದೇ ಹಾಕಿ.

ಕೆಂಪುಮಣ್ಣು · ಕೋಲಾರ

ಮೇಲಿನ ಪ್ಯಾಕ್ ತಣ್ಣಗಾಗಿದೆ, ಮೀಟರ್‌ನಲ್ಲಿ 6.95 ವೋಲ್ಟ್ ತೋರಿಸ್ತಿದೆ. ಅಷ್ಟೆಲ್ಲ ತುಂಬಿದ ಮೇಲೆ 8ರ ಮೇಲೆ ಇರಬೇಕಲ್ವಾ?

ಮಿಲಿಓಮ್ · ಚಿಕ್ಕಬಳ್ಳಾಪುರ

ಒಂದು ಸೆಲ್ ಹೋಗಿದೆ. ತುಂಬಿದ ಪ್ಯಾಕ್ ಒಂದು ಗಂಟೆ ಸುಧಾರಿಸಿಕೊಂಡ ಮೇಲೆ ಸೆಲ್‌ಗೆ 1.35ರಿಂದ 1.40 ಇರುತ್ತೆ, ಆರಕ್ಕೆ 8.1ರಿಂದ 8.4. ನಿಮ್ಮದು 6.95, ಅಂದರೆ ಐದು ಸೆಲ್‌ನ ಲೆಕ್ಕ. ಹೊದಿಕೆಯನ್ನು ಸೆಲ್ ಜೋಡಣೆಯ ಜಾಗದಲ್ಲಿ ಬ್ಲೇಡ್‌ನಿಂದ ಚೂರೇ ಸೀಳಿ (ಪಟ್ಟಿಯ ಮೇಲೆ ಸೀಳಿ, ಸೆಲ್ ಮೈಮೇಲೆ ಅಲ್ಲ), ಒಂದೊಂದೇ ಸೆಲ್ ಅಳೆಯಿರಿ. ಒಂದು 0 ಅಥವಾ 0.1 ತೋರಿಸುತ್ತೆ. ತುದಿಯಲ್ಲಿ ಬಿಳಿ ಪುಡಿ ಕಂಡರೆ ಅದು ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ ಗಾಳಿಗೆ ಕಟ್ಟಿದ್ದು. ಕ್ಷಾರ ಅದು, ಬರಿಗೈಯಲ್ಲಿ ಮುಟ್ಟಬೇಡಿ. ಕನೆಕ್ಟರ್ ಮೇಲೆ ಬಿದ್ದಿದ್ದರೆ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ನೀರು, ಆಮೇಲೆ ಒಣಗಿಸಿ. ಕಣ್ಣಿಗೆ ಹಾರಿದರೆ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ.

ಕೆಂಪುಮಣ್ಣು · ಕೋಲಾರ

ನಾಲ್ಕನೇ ಸೆಲ್ 0.04. ಪುಡಿ ಇಲ್ಲ. ಆ ಒಂದನ್ನು ಮಾತ್ರ ಬದಲಾಯಿಸಬಹುದಾ?

ಹಳೇಸೋಲ್ಡರ್ · ತುಮಕೂರು

ಆಗುತ್ತೆ, ಆದರೆ ನಾನು ಮಾಡಲ್ಲ. ಹೊಸ ಸೆಲ್‌ನಲ್ಲಿ 3000 ಇರುತ್ತೆ, ಹಳೇ ಐದರಲ್ಲಿ 2200 ಉಳಿದಿರುತ್ತೆ. ಓಡಿಸುವಾಗ ಹಳೆಯದರಲ್ಲಿ ಸೊರಗಿದ್ದು ಮೊದಲು ಖಾಲಿಯಾಗುತ್ತೆ, ಉಳಿದವು ಅದರ ಮೂಲಕ ಕರೆಂಟ್ ತಳ್ಳುತ್ತವೆ, ಆ ಸೆಲ್ ಉಲ್ಟಾ ಚಾರ್ಜ್ ಆಗುತ್ತೆ. ನಿಮ್ಮ ನಾಲ್ಕನೇ ಸೆಲ್ ಸತ್ತದ್ದೂ ಬಹುಶಃ ಹೀಗೇ, ಚಾರ್ಜರ್ ಮೇಲೆ ಕೂತು ಪೂರ್ತಿಯಾಗಿ ಹೋಗಿದೆ. ಆರನ್ನೂ ಒಟ್ಟಿಗೆ ಬದಲಾಯಿಸಿ, ಒಂದೇ ಕಂಪನಿ, ಒಂದೇ ಬ್ಯಾಚ್. ಪಟ್ಟಿ ಬೆಸೆದು ಬರುವ ಸಬ್-ಸಿ ಸೆಲ್ ಕೇಳಿ. ಬೋಳು ಸೆಲ್ ತಂದು ಅದರ ತಲೆಗೇ ಐರನ್ ಇಟ್ಟರೆ ಧನ ತುದಿಯ ಕೆಳಗಿನ ರಬ್ಬರ್ ವಾಲ್ವ್ ಕರಗುತ್ತೆ. ಆಮೇಲೆ ಅದು ಸೋರುತ್ತೆ.

ಇನ್ನು ಕಾರಿನ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಕೂಡ ನೋಡಿ. ಹಾಬಿವಿಂಗ್ 1060 ಥರದ್ದಾದರೆ ಲೈಪೋ/ನಿಕಲ್ ಅಂತ ಜಂಪರ್ ಇರುತ್ತೆ, ನಿಕಲ್ ಕಡೆ ಇರಬೇಕು. ಕಾರ್ ಶಕ್ತಿ ಕಳಕೊಂಡು ನಿಧಾನ ಆದ ಕೂಡಲೇ ನಿಲ್ಲಿಸಿ. 'ಇನ್ನೊಂದು ರೌಂಡ್' ಅಂತ ತೆವಳಿಸೋದು ಸೆಲ್ ಉಲ್ಟಾ ಮಾಡೋ ಖಚಿತ ದಾರಿ. ಓಡಿಸಿ ಮುಗಿದ ಮೇಲೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಇದ್ದರೂ ಸಣ್ಣಗೆ ಕರೆಂಟ್ ಹೀರುವ ಇಎಸ್‌ಸಿಗಳಿವೆ.

ಗೌರಿಬಿದನೂರು_1:16

ಪೂರ್ತಿ ಖಾಲಿ ಮಾಡದೆ ಚಾರ್ಜ್ ಮಾಡಿದರೆ 'ಮೆಮೊರಿ' ಬರುತ್ತೆ ಅಂತಾರಲ್ಲ ಅಣ್ಣ?

ಹಳೇಸೋಲ್ಡರ್ · ತುಮಕೂರು

ಅದು ಕ್ಯಾಡ್ಮಿಯಂ ಕಾಲದ ಮಾತು. ಮೆಟಲ್ ಹೈಡ್ರೈಡ್‌ನಲ್ಲಿ ಸ್ವಲ್ಪ ಮಂಕಾಗೋದು ಇದೆ, ಎರಡು ಮೂರು ಸಲ ಸರಿಯಾಗಿ ಖಾಲಿ ಮಾಡಿ ತುಂಬಿಸಿದರೆ ವಾಪಸ್ ಬರುತ್ತೆ. ಪ್ರತಿ ಸಲ ಖಾಲಿ ಮಾಡಬೇಕಿಲ್ಲ.

ಖಾಲಿ ಮಾಡೋಕೆ ಗ್ಯಾರೇಜಲ್ಲಿ ಸಿಗುವ 12 ವೋಲ್ಟ್ 21 ವ್ಯಾಟ್ ಬ್ರೇಕ್ ಲೈಟ್ ಬಲ್ಬ್ ಸಾಕು. 7.2 ವೋಲ್ಟ್‌ನಲ್ಲಿ ಸುಮಾರು 1.3 ಆಂಪ್ ಎಳೆಯುತ್ತೆ. ಮೀಟರ್ ಹಾಕಿಕೊಂಡು ಪಕ್ಕದಲ್ಲೇ ಕೂರಿ, ಆರು ಸೆಲ್‌ಗೆ 6.0 ವೋಲ್ಟ್ ಬಂದ ಕೂಡಲೇ ಬಲ್ಬ್ ತೆಗೀರಿ. ಅದೇ ಪರೀಕ್ಷೆಯೂ ಆಯಿತು: ತುಂಬಿದ 3000ದ ಪ್ಯಾಕ್ ಎರಡೂಕಾಲು ಗಂಟೆ ಉರಿಸಬೇಕು. ಒಂದೂಕಾಲು ಗಂಟೆಗೇ 6.0ಕ್ಕೆ ಬಂದರೆ ಆ ಪ್ಯಾಕ್ ಬೆಂಚಿನ ಪ್ರಯೋಗಕ್ಕೆ, ಕಾರಿಗಲ್ಲ.

ಬಂಗಾರಪೇಟೆ_ಬಗ್ಗಿ

ಇನ್ನೊಂದು ಪ್ಯಾಕ್ ಪೂರ್ತಿ 0 ವೋಲ್ಟ್, ಚಾರ್ಜರ್ ಹತ್ತಿರ ಸೇರಿಸಲ್ಲ, 'ಬ್ಯಾಟರಿ ಇಲ್ಲ' ಅನ್ನುತ್ತೆ.

ಮಿಲಿಓಮ್ · ಚಿಕ್ಕಬಳ್ಳಾಪುರ

12 ವೋಲ್ಟ್ 1 ಆಂಪ್ ಎಸ್‌ಎಂಪಿಎಸ್ ಅಡಾಪ್ಟರ್, 12 ಓಮ್ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಎರಡು, 1ಎನ್5408 ಡಯೋಡ್ ಒಂದು. ಎಲ್ಲ ಸರಣಿಯಲ್ಲಿ, ಡಯೋಡ್‌ನ ಪಟ್ಟೆ ಇರುವ ತುದಿ ಬ್ಯಾಟರಿಯ ಧನದ ಕಡೆ. ಪ್ಯಾಕ್ 0 ಇರುವಾಗ ಅರ್ಧ ಆಂಪ್‌ಗಿಂತ ಕಮ್ಮಿ ಹರಿಯುತ್ತೆ, ವೋಲ್ಟೇಜ್ ಏರಿದಂತೆ ಅದೂ ಇಳಿಯುತ್ತೆ. 15–20 ನಿಮಿಷದಲ್ಲಿ 6 ವೋಲ್ಟ್ ದಾಟಿದರೆ ಬದುಕಿದೆ, ಹಾಬಿ ಚಾರ್ಜರ್‌ಗೆ ಹಾಕಿ. ದಾಟದಿದ್ದರೆ ಒಳಗೆ ಶಾರ್ಟ್ ಆದ ಸೆಲ್ ಇದೆ, ಬಿಟ್ಟುಬಿಡಿ. ರೆಸಿಸ್ಟರ್ ಸುಡುತ್ತೆ, ಮರದ ಮೇಲೆ ಇಡಬೇಡಿ.

ಇದೇ ಸರ್ಕ್ಯೂಟ್‌ನಲ್ಲಿ ಒಂದೇ ರೆಸಿಸ್ಟರ್ ಇಟ್ಟರೆ 7.2ರ ಪ್ಯಾಕ್‌ಗೆ ಸುಮಾರು 240 ಮಿಲಿಆಂಪ್ ಬರುತ್ತೆ, 3000ಕ್ಕೆ ಹದಿನೇಳು ಗಂಟೆಯ ನಿಧಾನ ಚಾರ್ಜರ್ ಸಿಕ್ಕಿತು. ಡಯೋಡ್ ಯಾಕೆ ಅಂದರೆ, ಕರೆಂಟ್ ಹೋದಾಗ ಬ್ಯಾಟರಿ ವಾಪಸ್ ಅಡಾಪ್ಟರ್ ಒಳಗೆ ಹರಿಯದಿರಲಿ ಅಂತ.

ಕ್ಯಾತ್ಸಂದ್ರ_ಆರ್‌ಸಿ

ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ಚಾಪೆ, ಹಾಸಿಗೆ, ಪೇಪರ್ ಮೇಲೆ ಬೇಡ. ಅಡುಗೆ ಮನೆ ಕೆಲಸದಲ್ಲಿ ಉಳಿದ ಕಡಪ ಕಲ್ಲಿನ ತುಂಡು ಇದ್ದೇ ಇರುತ್ತಲ್ಲ, ಅದು ಸರಿಯಾದ ಜಾಗ. ಡಬ್ಬಿಯೊಳಗೆ ಮುಚ್ಚಿಟ್ಟು ಚಾರ್ಜ್ ಮಾಡಬಾರದು, ವಾಲ್ವ್ ಬಿಟ್ಟರೆ ಹೈಡ್ರೋಜನ್ ಬರುತ್ತೆ, ಅದು ಹೊರಗೆ ಹೋಗಲಿ. ಶೀಟ್ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಚಾರ್ಜ್ ಬೇಡ. ಒಳಗೆ 38 ಡಿಗ್ರಿ ಇದ್ದರೆ ಕೊನೆಯಲ್ಲಿ ಹತ್ತು ಹನ್ನೆರಡು ಏರಿದರೂ 50. ಜೊತೆಗೆ ಬಿಸಿಯಲ್ಲಿ ಸೆಲ್ ಚಾರ್ಜ್ ಹಿಡಿಯೋದೂ ಕಮ್ಮಿ, ಪೀಕ್ ಕೂಡ ಚಪ್ಪಟೆ. ಬೆಳಿಗ್ಗೆ ಆರಕ್ಕೆ ಹಾಕಿ. ಓಡಿಸಿ ತಂದ ಪ್ಯಾಕನ್ನೂ ತಕ್ಷಣ ಹಾಕಬೇಡಿ, ಮುಕ್ಕಾಲು ಗಂಟೆ ನೆರಳಲ್ಲಿ ಆರಲಿ.

ಶಿಡ್ಲಘಟ್ಟ_ಟ್ರಕ್

ಫ್ಯಾನ್ ಕೆಳಗೆ ಇಟ್ಟರೆ?

ಮಿಲಿಓಮ್ · ಚಿಕ್ಕಬಳ್ಳಾಪುರ

1ಸಿಯಲ್ಲಿ ಪರವಾಗಿಲ್ಲ. 0.5ಸಿಯಲ್ಲಿ ಜೋರು ಗಾಳಿ ಬಿಟ್ಟರೆ ಶಾಖ ಏರೋದೇ ಇಲ್ಲ, ಶಾಖ ಏರದೆ ಕುಸಿತ ಇಲ್ಲ, ಪೀಕ್ ಮತ್ತೆ ತಪ್ಪುತ್ತೆ. ಓಡಿಸಿ ತಂದ ಪ್ಯಾಕ್ ಆರಿಸೋಕೆ ಫ್ಯಾನ್ ಬಳಸಿ.

ಕೆಂಪುಮಣ್ಣು · ಕೋಲಾರ

ಹೊಸ ಆರು ಸೆಲ್ ಆರ್ಡರ್ ಮಾಡ್ತಿದೀನಿ. ಹಳೇದನ್ನು ಗುಜರಿಗೆ ಹಾಕಬಹುದಾ?

ಹಳೇಸೋಲ್ಡರ್ · ತುಮಕೂರು

ತೂಕದ ಗುಜರಿಗೆ ಬೇಡ, ಅಲ್ಲಿ ಕಬ್ಬಿಣದ ರಾಶಿಯಲ್ಲಿ ಬಿದ್ದು ಶಾರ್ಟ್ ಆಗುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಸಣ್ಣ ಬ್ಯಾಟರಿಯನ್ನೂ ಮನೆ ಕಸಕ್ಕೆ ಸೇರಿಸುವಂತಿಲ್ಲ, ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಎರಡು ವೈರ್‌ನ ತುದಿಗೂ ಬೇರೆ ಬೇರೆ ಟೇಪ್ ಸುತ್ತಿ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಹೊಸ ಸೆಲ್ ಬಂದ ಮೇಲೆ ಮೊದಲ ಮೂರು ಚಾರ್ಜ್ 300 ಮಿಲಿಆಂಪ್‌ನಲ್ಲಿ. ಆಗ 150 ನಿಮಿಷದ ಟೈಮರ್, 3600ರ ಕಟ್ಆಫ್ ಎರಡೂ ಮಧ್ಯದಲ್ಲೇ ನಿಲ್ಲಿಸುತ್ತವೆ. ಎರಡನ್ನೂ ಏರಿಸಿ, ಟೈಮರ್‌ನ ಮಿತಿ ಸಾಲದಿದ್ದರೆ ಹೋದ ಎಂಎಎಚ್ ಬರೆದಿಟ್ಟುಕೊಂಡು ಮತ್ತೆ ಒತ್ತಿ. ಒಟ್ಟು 4500 ಮುಟ್ಟಿದರೆ ಸಾಕು. ಆಮೇಲೆ ಟೈಮರ್ ವಾಪಸ್ 150ಕ್ಕೆ, ಕಟ್ಆಫ್ 3600ಕ್ಕೆ ತರೋದು ಮರೀಬೇಡಿ.